ಹಳೆಯ ಮೈ, ಹೊಸ ಯಂತ್ರ: ಸ್ಟ್ರೀಟ್ ರಾಡ್ ಕಾರಿನ ವೆಚ್ಚ, ಬೆಲೆ ಮತ್ತು ದಾಖಲೆ

ಹಳೆಯ ಕಾರುಗಳ ವಹಿವಾಟಿನಲ್ಲಿ ಎರಡು ಬಗೆಗಳುಂಟು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಉಳಿಸಿಕೊಂಡು ಬಂದ, ಅಥವಾ ಆ ಸ್ಥಿತಿಗೆ ಮರಳಿ ತಂದ ವಿಂಟೇಜ್ ಕಾರು ಮೊದಲನೆಯದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ನಮ್ಮ ವಾಚಕರಲ್ಲಿ ಅನೇಕರು ಕಂಡಿರುವುದು ಇಂತಹ ಕಾರುಗಳನ್ನು. ಎರಡನೆಯ ಬಗೆಯಲ್ಲಿ ಹೊರ ಆಕಾರ ಮಾತ್ರ ಹಳೆಯದು; ಎಂಜಿನ್, ಗೇರ್ ಬಾಕ್ಸ್, ಬ್ರೇಕು, ಹವಾನಿಯಂತ್ರಣ, ವಿದ್ಯುತ್ ಜೋಡಣೆ ಎಲ್ಲವೂ ಈ ಕಾಲದ್ದು. ಅಮೆರಿಕದಲ್ಲಿ ಇದಕ್ಕೆ ‘ಸ್ಟ್ರೀಟ್ ರಾಡ್’ ಎಂದು ಹೆಸರು. 1948 ಅಥವಾ ಅದಕ್ಕೂ ಹಿಂದಿನ ಮಾದರಿಯನ್ನು ಆಧರಿಸಿ, ರಸ್ತೆಯ ಮೇಲೆ ಓಡಿಸಲು ಯೋಗ್ಯವಾಗುವಂತೆ ನವೀಕರಿಸಿದ ಕಾರಿಗೆ ಈ ಹೆಸರು ಸಲ್ಲುವುದು ರೂಢಿ.

ವಾಣಿಜ್ಯ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಸದಸ್ಯರು ಕೇಳಬಹುದು. ನಮ್ಮ ಸದಸ್ಯರಲ್ಲಿ ಲೇತ್, ಮಿಲ್ಲಿಂಗ್, ಎರಕ ಹಾಗೂ ವಾಹನ ಬಿಡಿಭಾಗಗಳ ಉದ್ದಿಮೆ ನಡೆಸುವವರು ಬಹಳ ಮಂದಿ ಇದ್ದಾರೆ. ಬಿಡಿಭಾಗಗಳ ಮೇಲೆಯೇ ನಿಂತ ಉದ್ಯಮವೊಂದರ ಒಳಗನ್ನು ಅರಿಯುವುದು ಅವರಿಗೆ ಉಪಯುಕ್ತ. ಅದಲ್ಲದೆ ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕುಟುಂಬಗಳಿಂದ ಈಚಿನ ವರ್ಷಗಳಲ್ಲಿ ಲೆಕ್ಕ ಪರಿಶೋಧಕರಿಗೆ ಬರುವ ಪ್ರಶ್ನೆಗಳ ಸ್ವರೂಪವೂ ಬದಲಾಗಿದೆ. ಮನೆ, ಷೇರುಗಳ ಜೊತೆಗೆ ‘ಹಳೆಯ ಕಾರಿನ ಮೇಲೆ ಹಣ ಹೂಡಬಹುದೇ’ ಎಂಬ ಪ್ರಶ್ನೆಯೂ ಈಗ ಸೇರಿಕೊಂಡಿದೆ. ಸ್ಟ್ರೀಟ್ ರಾಡ್ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಅದರ ಮೂಲ, ಅದರ ತಯಾರಿಕೆ ಹಾಗೂ ಅದರ ಕಾಗದಪತ್ರ, ಈ ಮೂರನ್ನೂ ನೋಡಬೇಕಾಗುತ್ತದೆ. ಕೊನೆಯದೇ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ.

1932ರ ಫೋರ್ಡ್

ಈ ಉದ್ಯಮಕ್ಕೆ ಮಾತೃಕಾರು ಯಾವುದೆಂದು ಕೇಳಿದರೆ ಬಲ್ಲವರೆಲ್ಲ 1932ರ ಫೋರ್ಡನ್ನು ಹೆಸರಿಸುತ್ತಾರೆ. ಇಸವಿಯ ಕೊನೆಯ ಅಂಕಿ ಎರಡಾದ್ದರಿಂದ ಇಸ್ಪೀಟಿನ ಎರಡರ ಎಲೆಯ ಹೆಸರಾದ ‘ಡ್ಯೂಸ್’ ಎಂಬುದು ಅದಕ್ಕೆ ಅಂಟಿಕೊಂಡಿತು. ಆ ವರ್ಷ ಹೆನ್ರಿ ಫೋರ್ಡ್ ಎಂಟು ಸಿಲಿಂಡರುಗಳ ವಿ-8 ಎಂಜಿನನ್ನು ಒಂದೇ ಎರಕದಲ್ಲಿ ತಯಾರಿಸಿ ಸಾಮಾನ್ಯ ದರ್ಜೆಯ ಕಾರಿಗೆ ಅಳವಡಿಸಿದರು. 221 ಘನ ಅಂಗುಲ, ಅಂದರೆ ಸುಮಾರು 3.6 ಲೀಟರ್ ಗಾತ್ರದ ಈ ಎಂಜಿನ್ 65 ಅಶ್ವಶಕ್ತಿ ನೀಡುತ್ತಿತ್ತು. ಎರಡು ಆಸನದ ತೆರೆದ ರೋಡ್‌ಸ್ಟರ್ ಮಾದರಿಯ ಬೆಲೆ ವಿ-8 ಸಹಿತ 460 ಡಾಲರ್. ಅದುವರೆಗೆ ಸಿರಿವಂತರ ಕಾರುಗಳಲ್ಲಿ ಮಾತ್ರ ಇದ್ದ ಎಂಟು ಸಿಲಿಂಡರಿನ ಎಂಜಿನ್ ಮಹಾ ಆರ್ಥಿಕ ಕುಸಿತದ ನಡುಗಾಲದಲ್ಲಿ ಜನಸಾಮಾನ್ಯರ ಕೈಗೆ ಬಂತು.

ಕೆಲವು ವರ್ಷಗಳಲ್ಲಿಯೇ ಈ ಕಾರುಗಳು ಕೈಬದಲಾಗಿ ಅಗ್ಗಕ್ಕೆ ಸಿಗತೊಡಗಿದವು. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಇವುಗಳ ಮಡ್‌ಗಾರ್ಡು, ಮೇಲ್ಛಾವಣಿ ಮುಂತಾದ ತೂಕದ ಭಾಗಗಳನ್ನು ಕಳಚಿ, ಎಂಜಿನ್ನಿನ ಬಲವನ್ನು ಹೆಚ್ಚಿಸಿ, ಮ್ಯುರಾಕ್ ಮೊದಲಾದ ಬತ್ತಿದ ಕೆರೆಗಳ ಅಂಗಳದಲ್ಲಿ ಪಂದ್ಯ ಹೂಡಿದರು. 1937ರಲ್ಲಿ ಈ ಪಂದ್ಯಗಳಿಗೆ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವೇ ಹುಟ್ಟಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಯುವಕರ ಕೈಯಲ್ಲಿ ಯಂತ್ರವಿದ್ಯೆಯೂ ಇತ್ತು, ಸ್ವಲ್ಪ ಹಣವೂ ಇತ್ತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯೂ ಹೊರಬಂದಿತು. ಪಂದ್ಯಕ್ಕಾಗಿ ಹುಟ್ಟಿದ ಹಾಟ್ ರಾಡ್, ಕುಟುಂಬ ಸಮೇತ ಪ್ರವಾಸ ಹೋಗುವ ಸ್ಟ್ರೀಟ್ ರಾಡ್ ಆಗಿ ಬದಲಾದದ್ದು ಮುಂದಿನ ಎರಡು ದಶಕಗಳಲ್ಲಿ. 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾ ನಗರದಲ್ಲಿ ಇಂತಹ ಕಾರುಗಳ ಮೊದಲ ರಾಷ್ಟ್ರೀಯ ಸಮಾವೇಶ ನಡೆಯಿತು. 1948ರ ಗಡಿಯನ್ನು ರೂಢಿಗೆ ತಂದದ್ದೂ ಇದೇ ಬಳಗ. 1949ರ ಫೋರ್ಡಿನಿಂದ ಕಾರುಗಳ ಆಕಾರವೇ ಬದಲಾದದ್ದರಿಂದ ಆ ಗಡಿ ಸಹಜವಾಗಿಯೇ ಒಪ್ಪಿತವಾಯಿತು.

ಒಳಗೆ ಏನು ಬದಲಾಗುತ್ತದೆ

ಮೂಲ ಕಾರನ್ನು ಇಂದಿನ ರಸ್ತೆಯಲ್ಲಿ ಓಡಿಸುವುದು ಎಷ್ಟು ಕಷ್ಟವೆಂಬುದನ್ನು ಅರಿಯದೆ ನವೀಕರಣದ ಅಗತ್ಯ ತಿಳಿಯುವುದಿಲ್ಲ. ಫೋರ್ಡ್ ಸಂಸ್ಥೆ ಹೈಡ್ರಾಲಿಕ್ ಬ್ರೇಕುಗಳನ್ನು ಅಳವಡಿಸಿದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಪೆಡಲನ್ನು ತುಳಿದರೆ ಸಲಾಕೆಗಳು ಎಳೆದು ಬ್ರೇಕು ಹಿಡಿಯಬೇಕಿತ್ತು. ಮುಂದಿನ ಎರಡೂ ಚಕ್ರಗಳಿಗೆ ಸೇರಿ ಒಂದೇ ಇಡೀ ಆಕ್ಸಲ್, ಅದರ ಮೇಲೆ ಅಡ್ಡಲಾಗಿ ಒಂದೇ ಪಟ್ಟಿ ಸ್ಪ್ರಿಂಗು. ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು.

ವೃತ್ತಿಪರ ಕಾರ್ಯಾಗಾರದಲ್ಲಿ ಇವೆಲ್ಲವೂ ಹೋಗುತ್ತವೆ. ಎಂಜಿನ್ನಿನ ಜಾಗಕ್ಕೆ ಹೆಚ್ಚಾಗಿ ಬರುವುದು ಫೋರ್ಡ್ ಎಂಜಿನ್ನಲ್ಲ, ಪ್ರತಿಸ್ಪರ್ಧಿ ಸಂಸ್ಥೆಯ ಷೆವ್ರೊಲೆ ಎಂಜಿನ್! 1955ರಲ್ಲಿ ಆರಂಭವಾದ ‘ಸ್ಮಾಲ್ ಬ್ಲಾಕ್’ ವಿ-8 ಮಾಲಿಕೆ ಅಗ್ಗವೂ ಹಗುರವೂ ಆಗಿದ್ದು ಎಲ್ಲೆಡೆ ದೊರೆಯುತ್ತಿದ್ದುದರಿಂದ ಈ ವಿಚಿತ್ರ ಕೂಡಾವಳಿ ನಡೆಯಿತು. ಅದರ 5.7 ಲೀಟರಿನ ಎಂಜಿನ್ ಇಂದಿಗೂ ಮರದ ಪೆಟ್ಟಿಗೆಯಲ್ಲಿ ಹೊಚ್ಚಹೊಸದಾಗಿ ಬರುತ್ತದೆ. ಅದೇ ಕಾರಣಕ್ಕೆ ‘ಕ್ರೇಟ್ ಎಂಜಿನ್’ ಎಂಬ ಹೆಸರು. ಸ್ವಯಂಚಾಲಿತ ಗೇರ್ ಬಾಕ್ಸ್, ಡಿಸ್ಕ್ ಬ್ರೇಕು, 12 ವೋಲ್ಟಿನ ವೈರಿಂಗ್, ಪವರ್ ಸ್ಟಿಯರಿಂಗ್ ಸಾಮಾನ್ಯ. ಮುಂಚಕ್ರಗಳ ಸ್ವತಂತ್ರ ಸಸ್ಪೆನ್ಷನ್ನಿಗೆ 1974ರಿಂದ 1978ರವರೆಗೆ ಬಂದ ಎರಡನೆಯ ಪೀಳಿಗೆಯ ಮಸ್ಟಾಂಗ್ ಕಾರಿನ ವಿನ್ಯಾಸವೇ ಮಾದರಿಯಾಯಿತು. ಆ ಕಾರನ್ನು ಮೆಚ್ಚಿದವರು ಕಡಿಮೆ. ಅದರ ಸಸ್ಪೆನ್ಷನ್ ವಿನ್ಯಾಸದ ನಕಲುಗಳನ್ನು ತಯಾರಿಸುವ ಸಂಸ್ಥೆಗಳು ಮಾತ್ರ ಈಗಲೂ ಉಂಟು. ಹವಾನಿಯಂತ್ರಣದ ಮಾತೂ ಹಾಗೆಯೇ. ಹಳೆಯ ಕಾರಿನ ಇಕ್ಕಟ್ಟಾದ ಡ್ಯಾಷ್‌ಬೋರ್ಡಿನ ಹಿಂದೆ ಕೂರುವ ಏ.ಸಿ. ಘಟಕಗಳನ್ನು ತಯಾರಿಸಲೆಂದೇ 1976ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ವಿಂಟೇಜ್ ಏರ್ ಎಂಬ ಸಂಸ್ಥೆ ಆರಂಭವಾಗಿ ಬೆಳೆಯಿತು. ಒಂದು ಸಣ್ಣ ಅನಾನುಕೂಲವನ್ನು ಗುರುತಿಸಿ ಅದರ ಸುತ್ತ ಒಂದು ಕಾರ್ಖಾನೆಯನ್ನೇ ಕಟ್ಟಿದ ಈ ಬಗೆಯ ಉದಾಹರಣೆಗಳು ಈ ಕ್ಷೇತ್ರದಲ್ಲಿ ಹಲವು.

ಬೇಡಿಕೆ ಹೆಚ್ಚಿದಂತೆ ಹಳೆಯ ಮೈಯೂ ಸಾಲದಾಯಿತು. ತುಕ್ಕು ಹಿಡಿಯದ 1932ರ ಬಾಡಿ ಸಿಗುವುದು ಅಪರೂಪ. ಮೊದಲು ಫೈಬರ್ ಗ್ಲಾಸಿನ ಬಾಡಿಗಳು ಬಂದವು. ಅನಂತರ ಓಹಾಯೊ ರಾಜ್ಯದ ಬ್ರೂಕ್‌ವಿಲ್ ಸಂಸ್ಥೆ ಉಕ್ಕಿನ ತಗಡಿನಲ್ಲಿಯೇ ಒತ್ತಿ, 1932ರ ರೋಡ್‌ಸ್ಟರಿನ ಸಂಪೂರ್ಣ ಹೊಸ ಬಾಡಿಯನ್ನು ಮಾರತೊಡಗಿತು. ಚಾಸಿಯ ತೊಲೆಗಳೂ ಹೊಸದಾಗಿ ದೊರೆಯುತ್ತವೆ. ಹೀಗೆ ಬಾಡಿ ಹೊಸದು, ಚಾಸಿ ಹೊಸದು, ಎಂಜಿನ್ ಹೊಸದು ಆದ ಮೇಲೆ ಕಾರಿನಲ್ಲಿ 1932ರದು ಎಂಬುದು ಯಾವುದು? ತತ್ತ್ವಜ್ಞಾನಿಗಳಿಗೆ ಇದು ಹಳೆಯ ಪ್ರಶ್ನೆ. ಆದರೆ ಖರೀದಿದಾರನ ಪಾಲಿಗೆ ಇದು ಹಣದ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಕಾರ್ಯಾಗಾರದ ಲೆಕ್ಕ

ವೃತ್ತಿಪರ ಸ್ಟ್ರೀಟ್ ರಾಡ್ ಎಂಬುದು ಸರಕಿಗಿಂತ ಹೆಚ್ಚಾಗಿ ಕಾಮಗಾರಿ. ಭಾಗಗಳ ಬೆಲೆ ಪಟ್ಟಿಯಲ್ಲಿ ಸಿಗುತ್ತದೆ; ಕೂಲಿಯ ಮೊತ್ತ ಮಾತ್ರ ಕೆಲಸ ಮುಗಿಯುವವರೆಗೆ ತಿಳಿಯುವುದಿಲ್ಲ. ಬಾಗಿಲುಗಳ ಸಂದು ಸಮನಾಗಿ ಕೂರುವಂತೆ ತಗಡು ತಿದ್ದುವುದು, ಬಣ್ಣಕ್ಕೆ ಮೊದಲು ಒಮ್ಮೆ ಇಡೀ ಕಾರನ್ನು ಜೋಡಿಸಿ ನೋಡುವುದು, ಮತ್ತೆ ಪೂರ್ತಿ ಬಿಚ್ಚಿ ಬಣ್ಣ ಹೊಡೆದು ಎರಡನೆಯ ಬಾರಿ ಜೋಡಿಸುವುದು, ಇವೆಲ್ಲ ಗಂಟೆಗಳನ್ನು ನುಂಗುವ ಕೆಲಸಗಳು. ಆದ್ದರಿಂದಲೇ ಬಹುಪಾಲು ಕಾರ್ಯಾಗಾರಗಳು ನಿಗದಿತ ಬೆಲೆಗೆ ಒಪ್ಪದೆ, ತಗುಲಿದ ಗಂಟೆ ಮತ್ತು ಸಾಮಗ್ರಿಯ ಲೆಕ್ಕದಲ್ಲಿ ತಿಂಗಳ ಬಿಲ್ಲು ಮಾಡುತ್ತವೆ. ನಡುವೆ ಗ್ರಾಹಕನ ಮನಸ್ಸು ಬದಲಾದರೆ ಆ ಗಂಟೆಗಳೂ ಅವನ ಲೆಕ್ಕಕ್ಕೇ.

ಇಲ್ಲಿ ಗ್ರಾಹಕನು ಕೊಡುವ ಮುಂಗಡವು ಕಾರ್ಯಾಗಾರದ ಪಾಲಿಗೆ ಆದಾಯವಾಗದೆ ಹೊಣೆಯಾಗಿ ನಿಲ್ಲುತ್ತದೆ. ಕೆಲಸ ನಡೆದಷ್ಟೇ ಅದು ಆದಾಯವಾಗಬೇಕು. ಹೊಸ ಗ್ರಾಹಕನ ಮುಂಗಡದಿಂದ ಹಳೆಯ ಗ್ರಾಹಕನ ಕೆಲಸದ ಕೂಲಿ ಕೊಡುವ ಅಭ್ಯಾಸ ಒಮ್ಮೆ ಹತ್ತಿತೆಂದರೆ ಹೊಸ ಗ್ರಾಹಕರು ಬರುವುದು ನಿಂತ ದಿನ ಬಾಗಿಲೂ ಮುಚ್ಚುತ್ತದೆ. ನಮ್ಮಲ್ಲಿ ಅಪಾರ್ಟ್‌ಮೆಂಟ್ ಖರೀದಿದಾರರು ಅನುಭವಿಸಿದ ಸಂಕಟವೂ ಇದೇ ಜಾತಿಯದು. 2016ರ ರೇರಾ ಕಾಯಿದೆಯು ಖರೀದಿದಾರರಿಂದ ಬಂದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ವಿಧಿಸಿದ್ದು ಈ ಕಾರಣಕ್ಕೇ. ಕಾರ್ಯಾಗಾರದ ಬೀಗ ಬಿದ್ದಾಗ ಗ್ರಾಹಕನ ಕಾರು ಅವನದೇ ಆಗಿರುತ್ತದೆ, ನಿಜ. ಆದರೆ ಅವನು ಕೊಟ್ಟ ಮುಂಗಡಕ್ಕೆ ಅವನು ಇತರ ಸಾಲಗಾರರ ಸಾಲಿನಲ್ಲಿ, ಸಾಮಾನ್ಯವಾಗಿ ಸಾಲಿನ ತುದಿಯಲ್ಲಿ, ನಿಲ್ಲಬೇಕಾಗುತ್ತದೆ.

ಹೆಸರು ದೊಡ್ಡದಾದ ಮಾತ್ರಕ್ಕೆ ಈ ಅಪಾಯ ತಪ್ಪದು. ಡಿಸ್ನಿಲ್ಯಾಂಡಿನಲ್ಲಿ ಮೆಷಿನಿಸ್ಟ್ ಆಗಿದ್ದು, ಬಿಡುವಿನಲ್ಲಿ ಕಾರು ಕಟ್ಟುತ್ತ ಬೆಳೆದ ಬಾಯ್ಡ್ ಕಾಡಿಂಗ್‌ಟನ್ ಈ ಕ್ಷೇತ್ರದ ಅತ್ಯಂತ ಪ್ರಸಿದ್ಧರಲ್ಲೊಬ್ಬರು. ಅಲ್ಯೂಮಿನಿಯಂನ ಇಡೀ ಗಟ್ಟಿಯನ್ನು ಕಡೆದು ಚಕ್ರ ಮಾಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರೂ ಅವರೇ. 1950ರಿಂದ ನಡೆದುಬಂದಿರುವ ‘ಅಮೆರಿಕದ ಅತಿ ಸುಂದರ ರೋಡ್‌ಸ್ಟರ್’ ಪ್ರಶಸ್ತಿ ಅವರ ಕಾರುಗಳಿಗೆ ಹಲವು ಬಾರಿ ಸಂದಿತು. ಆದರೂ ಅವರ ಚಕ್ರ ತಯಾರಿಕಾ ಸಂಸ್ಥೆ 1998ರಲ್ಲಿ ದಿವಾಳಿಯಾಯಿತು. ಅವರು ಮತ್ತೆ ಹೊಸದಾಗಿ ಆರಂಭಿಸಿ, ದೂರದರ್ಶನ ಧಾರಾವಾಹಿಯ ಮೂಲಕ ಮನೆಮಾತಾಗಿ, 2008ರಲ್ಲಿ ನಿಧನರಾದರು. ಕೀರ್ತಿಮೌಲ್ಯವನ್ನು ನಾವು ಆಸ್ತಿಯೆಂದು ಬರೆಯುತ್ತೇವೆ, ಆದರೆ ಅದರಿಂದ ಶನಿವಾರದ ಬಟವಾಡೆ ಆಗುವುದಿಲ್ಲ.

ಸುರಿದ ಹಣ, ಮರಳುವ ಹಣ

ಲೆಕ್ಕ ಸ್ಪಷ್ಟವಾಗಲೆಂದು ಕೆಲವು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. ಭಾಗಗಳಿಗೆ 80,000 ಡಾಲರ್, ಗಂಟೆಗೆ 90 ಡಾಲರಿನಂತೆ 2,000 ಗಂಟೆಗಳ ಕೂಲಿ 1,80,000 ಡಾಲರ್, ಒಟ್ಟು 2,60,000 ಡಾಲರ್ ವೆಚ್ಚವಾಯಿತೆನ್ನೋಣ. ಐದು ವರ್ಷದ ತರುವಾಯ ಅದೇ ಕಾರು ಹರಾಜಿನಲ್ಲಿ 1,20,000 ಡಾಲರಿಗೆ ನಿಂತರೆ, ಕೊಳ್ಳುವವನು ಶೇಕಡಾ 10ರ ಖರೀದಿ ಶುಲ್ಕ ಸೇರಿಸಿ 1,32,000 ಡಾಲರ್ ತೆರುತ್ತಾನೆ. ಮಾರುವವನಿಗೆ ಶೇಕಡಾ 10ರ ಕಮಿಷನ್ ಕಳೆದು 1,08,000 ಡಾಲರ್ ಕೈಸೇರುತ್ತದೆ. ವೆಚ್ಚದಲ್ಲಿ 1,52,000 ಡಾಲರ್ ಕರಗಿತು. ಅಂಕಿಗಳು ನನ್ನವಾದರೂ ದಿಕ್ಕು ನನ್ನದಲ್ಲ. ಕಟ್ಟಿಸಿದವನಿಗಿಂತ ಎರಡನೆಯ ಒಡೆಯನೇ ಲಾಭದಲ್ಲಿರುತ್ತಾನೆಂಬುದು ಈ ವ್ಯಾಪಾರದಲ್ಲಿ ಎಲ್ಲರೂ ಒಪ್ಪುವ ಮಾತು.

ಕಾರಣವೂ ಸರಳ. ಕೂಲಿಯ ಬಹುಭಾಗ ಖರ್ಚಾಗುವುದು ಮೊದಲ ಒಡೆಯನ ಅಭಿರುಚಿಗೆ. ಅವನಿಗೆ ಕಿತ್ತಳೆ ಬಣ್ಣ ಬೇಕಿತ್ತು, ಮುಂದಿನವನಿಗೆ ಕಪ್ಪು ಬೇಕು. ಮೂಲ ಸ್ಥಿತಿಯ ವಿಂಟೇಜ್ ಕಾರಿಗೆ ಅಪೂರ್ವತೆಯ ಬೆಲೆ ಬರುವಂತೆ ಸ್ಟ್ರೀಟ್ ರಾಡಿಗೆ ಬರುವುದಿಲ್ಲ, ಏಕೆಂದರೆ ಇಂದು ಒಂದನ್ನು ಕಟ್ಟಿದಂತೆ ನಾಳೆ ಇನ್ನೊಂದನ್ನು ಕಟ್ಟಬಹುದು. ಇತಿಹಾಸ ಸ್ಪಷ್ಟವಾಗಿ ದಾಖಲಾದ ಕಾರುಗಳು ಮಾತ್ರ ಇದಕ್ಕೆ ಹೊರತು. 1997ರಲ್ಲಿ ಪೆಬಲ್ ಬೀಚಿನ ಪ್ರತಿಷ್ಠಿತ ಕಾರು ಪ್ರದರ್ಶನದಲ್ಲಿ ಮೊದಲ ಬಾರಿಗೆ ಹಾಟ್ ರಾಡುಗಳಿಗೆ ಪ್ರವೇಶ ದೊರೆತಾಗ ಆ ವರ್ಗದ ಬಹುಮಾನ ಪಡೆದದ್ದು ಡೋನ್ ಸ್ಪೆನ್ಸರ್ ಎಂಬವರು ದಶಕಗಳ ಹಿಂದೆ ಕಟ್ಟಿದ 1932ರ ರೋಡ್‌ಸ್ಟರ್. ಅಂತಹ ಕಾರಿಗೆ ಬರುವ ಬೆಲೆ ಇತಿಹಾಸದ್ದು. ಇಂದು ಕಟ್ಟಿಸಿದ ಕಾರಿನ ಒಡೆಯ ಅದನ್ನು ತನ್ನ ಕಾರಿಗೆ ಹೋಲಿಕೆಯಾಗಿ ತೋರಿಸಬಾರದು.

ಇನ್ನೊಂದು ಉದಾಹರಣೆ ಕುತೂಹಲಕರ. ಝೀ ಝೀ ಟಾಪ್ ಎಂಬ ವಾದ್ಯತಂಡದ ಬಿಲಿ ಗಿಬನ್ಸ್ ಕಟ್ಟಿಸಿದ 1933ರ ಫೋರ್ಡ್ ಕೂಪೆ, 1983ರ ‘ಎಲಿಮಿನೇಟರ್’ ಧ್ವನಿಮುದ್ರಿಕೆಯ ಹೊದಿಕೆಯ ಮೇಲೂ ಅದರ ವೀಡಿಯೊಗಳಲ್ಲಿಯೂ ಕಾಣಿಸಿಕೊಂಡಿತು. ವಿನೋದಕ್ಕೆಂದು ಕೊಂಡ ವಸ್ತು ಹೀಗೆ ವ್ಯಾಪಾರದ ಮುಖವಾದಾಗ ಲೆಕ್ಕ ಪರಿಶೋಧಕನ ನೋಟವೂ ಬದಲಾಗುತ್ತದೆ; ಅದರ ವೆಚ್ಚವನ್ನು ಜಾಹೀರಾತಿನ ವೆಚ್ಚವೆಂದು ವಾದಿಸುವ ದಾರಿ ತೆರೆಯುತ್ತದೆ. ಸಾಮಾನ್ಯ ಒಡೆಯನಿಗೆ ಈ ದಾರಿಯಿಲ್ಲ. ಅಮೆರಿಕದ ತೆರಿಗೆ ನಿಯಮದಂತೆ ಸ್ವಂತ ಬಳಕೆಯ ಕಾರನ್ನು ಲಾಭಕ್ಕೆ ಮಾರಿದರೆ ತೆರಿಗೆಯುಂಟು, ನಷ್ಟಕ್ಕೆ ಮಾರಿದರೆ ಆ ನಷ್ಟವನ್ನು ಆದಾಯದಿಂದ ಕಳೆಯುವಂತಿಲ್ಲ.

ವಿಮೆಯ ವಿಷಯದಲ್ಲಿಯೂ ಎಚ್ಚರ ಬೇಕು. ಸಾಧಾರಣ ವಾಹನ ಪಾಲಿಸಿಯಲ್ಲಿ ಪರಿಹಾರದ ಮೊತ್ತ ಅಪಘಾತದ ದಿನದ, ಸವಕಳಿ ಕಳೆದ ಮೌಲ್ಯಕ್ಕೆ ಸೀಮಿತ. 1932ರ ಕಾರಿಗೆ ಸವಕಳಿ ಲೆಕ್ಕ ಹಾಕುವುದೆಂದರೇನು? ಆದ್ದರಿಂದ ಇಂತಹ ಕಾರುಗಳಿಗೆ ‘ಒಪ್ಪಿತ ಮೌಲ್ಯ’ದ ಪಾಲಿಸಿ ಪಡೆಯುವುದು ರೂಢಿ. ಬಿಲ್ಲುಗಳು, ಛಾಯಾಚಿತ್ರಗಳು ಹಾಗೂ ಮೌಲ್ಯಮಾಪಕರ ವರದಿಯ ಆಧಾರದ ಮೇಲೆ ಮೊತ್ತವನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಕಾರು ಪೂರ್ಣ ನಾಶವಾದರೆ ಅಷ್ಟೂ ಸಲ್ಲುತ್ತದೆ. ‘ಘೋಷಿತ ಮೌಲ್ಯ’ ಎಂಬ ಇನ್ನೊಂದು ಬಗೆಯ ಪಾಲಿಸಿಯಲ್ಲಿ ಒಡೆಯ ಹೇಳಿದ ಮೊತ್ತ ಕೇವಲ ಗರಿಷ್ಠ ಮಿತಿ. ಎರಡರ ಹೆಸರು ಹತ್ತಿರ ಹತ್ತಿರವಿದ್ದರೂ ಪರಿಹಾರದಲ್ಲಿ ಅಜಗಜಾಂತರ.

ಕಾರಿನ ಗುರುತು

ಹಿಂದೆ ಬಿಟ್ಟ ಪ್ರಶ್ನೆಗೆ ಈಗ ಬರೋಣ. ಕಾಗದದ ಮೇಲೆ ಕಾರು ಎಂದರೆ ಒಂದು ಸಂಖ್ಯೆ. 1932ರ ಫೋರ್ಡಿನಲ್ಲಿ ಅದನ್ನು ಚಾಸಿಯ ಎಡತೊಲೆಯ ಮೇಲೆ ಒತ್ತುತ್ತಿದ್ದರು. ಬಾಡಿ ಕೂತ ಮೇಲೆ ಅದು ಸುಲಭವಾಗಿ ಕಾಣುವುದಿಲ್ಲ. ಆ ಕಾಲದಲ್ಲಿ ಅನೇಕ ರಾಜ್ಯಗಳು ಎಂಜಿನ್ನಿನ ಸಂಖ್ಯೆಯಲ್ಲಿಯೇ ಕಾರನ್ನು ನೋಂದಾಯಿಸುತ್ತಿದ್ದವು. ಅಂತಹ ಕಾರಿನ ಎಂಜಿನನ್ನು ಗುಜರಿಗೆ ಹಾಕಿದಾಗ ಕಾರಿನ ಗುರುತೂ ಅದರೊಂದಿಗೆ ಹೋಯಿತು. ಇನ್ನೊಂದೆಡೆ, ಕಾರೇ ಇಲ್ಲದ ಹಳೆಯ ನೋಂದಣಿ ಪತ್ರವೊಂದನ್ನು ಎಲ್ಲಿಂದಲೋ ಕೊಂಡು ಹೊಸದಾಗಿ ಕಟ್ಟಿದ ಕಾರಿಗೆ ತಗುಲಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಕಾರು 1932ರದೆಂದು ದಾಖಲಾಗಿ ಹೊಗೆ ತಪಾಸಣೆಯೂ ತಪ್ಪುತ್ತದೆ, ತೆರಿಗೆಯೂ ಕಡಿಮೆಯಾಗುತ್ತದೆ. ಹೊಸ ಕಾರುಗಳನ್ನು ಹಳೆಯವೆಂದು ನೋಂದಾಯಿಸಿದ ಇಂತಹುದೇ ವಿಷಯದಲ್ಲಿ ಮೇಲೆ ಹೇಳಿದ ಕಾಡಿಂಗ್‌ಟನ್ ಅವರೇ 2005ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಲಘು ಅಪರಾಧದ ಆಪಾದನೆಯನ್ನು ಎದುರಿಸಬೇಕಾಯಿತು.

ನೇರ ದಾರಿ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯದಲ್ಲಿ 2002ರಿಂದ ಜಾರಿಗೆ ಬಂದ ಕಾನೂನು ಪ್ರತಿವರ್ಷ 500 ವಾಹನಗಳಿಗೆ, ಅವು ಹೋಲುವ ಹಳೆಯ ಮಾದರಿಯ ವರ್ಷವನ್ನೇ ಹೊಗೆ ನಿಯಮಕ್ಕೆ ಆಧಾರವಾಗಿ ಒಪ್ಪುತ್ತದೆ. ವಾಹನ ಪರಿಕರ ತಯಾರಕರು 1963ರಲ್ಲಿ ಸ್ಥಾಪಿಸಿಕೊಂಡ ‘ಸೀಮಾ’ ಸಂಘವು ಒಂದು ಮಾದರಿ ಕಾನೂನನ್ನು ರೂಪಿಸಿ, ಸ್ಟ್ರೀಟ್ ರಾಡಿಗೆ ಪ್ರತ್ಯೇಕ ನೋಂದಣಿ ವರ್ಗ ಕೊಡುವಂತೆ ಹಲವು ರಾಜ್ಯಗಳ ಮನವೊಲಿಸಿದೆ. 2015ರ ಕೇಂದ್ರ ಕಾನೂನೊಂದು ಸಣ್ಣ ತಯಾರಕರಿಗೆ ವರ್ಷಕ್ಕೆ 325ರವರೆಗೆ ಹಳೆಯ ಕಾರಿನ ಪ್ರತಿಕೃತಿಗಳನ್ನು ಕಟ್ಟಿ ಮಾರುವ ಅವಕಾಶಕ್ಕೆ ದಾರಿಮಾಡಿತು. ಇದು ವಾಣಿಜ್ಯ ಸಂಘಟನೆಗಳು ಗಮನಿಸಬೇಕಾದ ಕೆಲಸ. ನಿಯಮದಿಂದ ನುಸುಳಿಕೊಳ್ಳುವ ಬದಲು ತಮ್ಮ ಸರಕಿಗೊಂದು ನಿಯಮವನ್ನೇ ಬರೆಸಿಕೊಂಡ ಉದ್ಯಮವಿದು.

ಭಾರತಕ್ಕೆ ತರಬಹುದೇ?

ಸುಂಕದ ಮಾತು ಹಾಗಿರಲಿ, ನೋಂದಣಿಯೇ ಮೊದಲ ತಡೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿಯಿತು. ವಿಂಟೇಜ್ ವಾಹನಗಳಿಗೆಂದೇ 2021ರಲ್ಲಿ ಬಂದ ನಿಯಮಗಳು 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ಪ್ರತ್ಯೇಕ ನೋಂದಣಿ ಕೊಡುತ್ತವೆ, ಆದರೆ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಸ್ಟ್ರೀಟ್ ರಾಡಿನಲ್ಲಿ ಬದಲಾಗುವುದು ಇವೇ ಮೂರು. ಆದ್ದರಿಂದ ಮಗ ಅಲ್ಲಿ ಕೊಂಡ ಕಾರನ್ನು ನಿವೃತ್ತಿಯ ಹೊತ್ತಿಗೆ ಮೈಸೂರು ರಸ್ತೆಯಲ್ಲಿ ಓಡಿಸುವ ಯೋಚನೆಯಿದ್ದರೆ ಖರೀದಿಗೆ ಮೊದಲೇ ಕೈಬಿಡುವುದು ಕ್ಷೇಮ.

ಇಲ್ಲಿಯೇ ಇರುವ ಹಳೆಯ ಕಾರುಗಳ ಒಡೆಯರಿಗೆ ಸಂಬಂಧಿಸಿದ ಒಂದು ತೀರ್ಪನ್ನು ಈ ಸಂದರ್ಭದಲ್ಲಿ ಹೇಳಲೇಬೇಕು. 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಕಾರನ್ನು ಒಬ್ಬ ತೆರಿಗೆದಾರರು 21 ಲಕ್ಷ ರೂಪಾಯಿಗೆ ಮಾರಿದ್ದರು. ಕಾರು ಸ್ವಂತ ಬಳಕೆಯ ಚರವಸ್ತುವಾದ್ದರಿಂದ ಬಂಡವಾಳ ಆಸ್ತಿಯಲ್ಲ, ಲಾಭಕ್ಕೆ ತೆರಿಗೆಯಿಲ್ಲ ಎಂಬುದು ಅವರ ವಾದ. 1992-93ರ ಕರನಿರ್ಧಾರಣಾ ವರ್ಷದ ಈ ವ್ಯಾಜ್ಯವನ್ನು ಬೊಂಬಾಯಿ ಉಚ್ಚ ನ್ಯಾಯಾಲಯ 2025ರಲ್ಲಿ ತೆರಿಗೆದಾರರ ವಿರುದ್ಧ ತೀರ್ಮಾನಿಸಿತು. ಕಾರನ್ನು ಸ್ವಂತಕ್ಕೆ ಬಳಸಬಹುದಾಗಿತ್ತು ಎಂದರೆ ಸಾಲದು, ಬಳಸಿದ್ದಕ್ಕೆ ಪುರಾವೆ ಬೇಕು ಎಂಬುದು ಅದರ ತಿರುಳು. ಶೆಡ್ಡಿನಲ್ಲಿ ಹೊದಿಕೆ ಹೊದಿಸಿ ನಿಲ್ಲಿಸಿದ ಹಳೆಯ ಕಾರನ್ನು ಮಾರುವ ಉದ್ದೇಶವಿರುವ ಸದಸ್ಯರು ಪೆಟ್ರೋಲಿನ ಬಿಲ್ಲು, ವಿಮೆಯ ರಸೀದಿ, ರಿಪೇರಿಯ ಚೀಟಿಗಳನ್ನು ವರ್ಷವಾರು ಕಡತದಲ್ಲಿ ಜೋಡಿಸಿಟ್ಟುಕೊಂಡು, ಮಾರಾಟದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ತಮ್ಮ ಲೆಕ್ಕ ಪರಿಶೋಧಕರಿಗೆ ತೋರಿಸುವುದು ಒಳ್ಳೆಯದು.